ಕಿವಿಯೊಳಗಿನ ಗೈಡ್

ನದಿ ಪ್ರವಾಸದ ದೋಣಿಗೆ ಮರಳಿ ಹತ್ತುವ ಸಾಲು. ಹಳೆಯ ಕೋಟೆ ನೋಡಲು ಇಳಿಯುವಾಗ, ಗೈಡ್‌ನ ಮಾತು ಕೇಳಲೆಂದು ಎಲ್ಲರಿಗೂ ಇಯರ್‌ಫೋನ್ ಕೊಟ್ಟಿದ್ದರು. ನನ್ನ ಮುಂದೆ ಯಾರೋ ಅತ್ತಿಗೆ-ನಾದಿನಿ ನಿಂತಿದ್ದರು.

“ಅತ್ತಿಗೆ, ನಿಮ್ಮ ಶೂ ಯಾಕೆ ಒದ್ದೆ?”

“ಗೈಡ್ ಹೇಳಿದ್ರಲ್ಲ, ಕೋಟೆ ಹಿಂದಿನ ಮೆಟ್ಟಿಲು ಇಳೀರಿ, ಇನ್ನೊಂದು ಇಳೀರಿ ಅಂತ. ನೀರು ಬಂತು, ನಿಂತ್ಬಿಟ್ಟೆ.”

“ಯಾವ ಗೈಡು? ಗಂಟಲು ಕಟ್ಟಿ ಅವರು ಕೋಟೆ ಬಾಗಿಲಿಂದಲೇ ದೋಣಿಗೆ ವಾಪಸ್ ಬಂದ್ರಲ್ಲ. ಆಮೇಲೆ ನಮಗೆ ಕೇಳಿಸಿದ್ದು ಬರೀ ಗುಂಯ್ ಅಂತ.”

“ನನ್ನ ಹೆಸರು ಹಿಡಿದು ಕರೆದ್ರು ಕಣೇ.”

“ಎಲ್ಲಿ, ಆ ಇಯರ್‌ಫೋನ್ ಕೊಡಿ ಇಲ್ಲಿ.”

“ನಿಮ್ಮಣ್ಣ ಇಸ್ಕೊಂಡ್ರು. ತಮ್ಮದರಲ್ಲಿ ಏನೂ ಕೇಳಿಸ್ತಿಲ್ಲ ಅಂದ್ರು.”

“ಅಣ್ಣ ಎಲ್ಲಿ ಈಗ?”

“ಕೋಟೆ ಹಿಂದೆ. ನನ್ನ ಹಾಗೆ ನೀರಿಗೆ ಹೆದರೋರಲ್ಲ ಅವರು.”

ಇಬ್ಬರೂ ಸಾಲು ಬಿಟ್ಟು ಓಡಿದರು.