ಗುರುಗಳ ಕೈ ನಡುಕ

ಸಂಜೆಯ ಪಾಳಿ ಮುಗಿದರೂ ಮಳೆ ಬಿಡುವ ಹಾಗೆ ಕಾಣಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕರೆಂಟೂ ಹೋಯಿತು. ಮಡಚಿಟ್ಟ ಹೊದಿಕೆಗಳ ರಾಶಿಗೆ ಒರಗಿ ಹೆಂಗಸರೆಲ್ಲ ಕೂತರು. ಹೊಸದಾಗಿ ಸೇರಿದ್ದ ಹುಡುಗಿ ಮಾತ್ರ ಮೇಲ್ವಿಚಾರಕಿಯ ಗುಣಗಾನ ನಿಲ್ಲಿಸಿರಲಿಲ್ಲ. ಆ ಮೇಡಂ ನಡೆಯುವಂತೆಯೇ ಅವಳೂ ಒಂದು ಭುಜ ಎತ್ತಿ ನಡೆಯತೊಡಗಿ ಬಹಳ ದಿನಗಳಾಗಿದ್ದವು.

"ಮೇಡಂಗೆ ಭುಜ ನೋವು ಕಣೇ, ನಿಂಗೇನಾಗಿದೆ?" ಎಂದು ಯಾರೋ ಕಿಚಾಯಿಸಿದರು. ಎಲ್ಲರೂ ನಕ್ಕರು. ಹರಿದ ಬಟ್ಟೆಗೆ ತೇಪೆ ಹಾಕುವ ಅಜ್ಜಿ ನಗಲಿಲ್ಲ. ಹುಡುಗಿಯನ್ನು ಹತ್ತಿರ ಕೂರಿಸಿಕೊಂಡಳು.

"ಒಂದು ದೆವ್ವದ ಕತೆ ಹೇಳ್ತೀನಿ ಕೇಳಿ. ಕೂದಲು ಬಿಚ್ಕೊಂಡು ಬರುತ್ತೆ ಅಂತ ಕಾಯ್ಬೇಡಿ ಮತ್ತೆ. ನಾನು ಕಂಡ ದೆವ್ವ ದಿನಾ ಸ್ನಾನ ಮಾಡಿ ನೀಟಾಗಿ ತಲೆ ಬಾಚ್ಕೊಳ್ತಿತ್ತು...

"ನಮ್ಮನೆಯವರು ಅಂಗಡಿ ಬೋರ್ಡು ಬರೀತಿದ್ರು. ಕೆಲಸ ಕಲಿಸಿದ ಗುರುಗಳು ಅಂದ್ರೆ ಪ್ರಾಣ ಅವರಿಗೆ. ಗುರುಗಳು ಎಡಗಡೆ ಕ್ರಾಪ್ ತೆಗೆದ್ರೆ ಇವರೂ ಎಡಗಡೆ, ಗುರುಗಳು ಟೀಗೆ ಸಕ್ಕರೆ ಬಿಟ್ರೆ ನಮ್ಮನೆ ಸಕ್ಕರೆ ಡಬ್ಬಿಗೆ ಇರುವೆ ಬಿಟ್ರೆ ಬೇರೆ ದಿಕ್ಕಿಲ್ಲ. ಒಳ್ಳೇ ಮನುಷ್ಯರೇ ಬಿಡಿ ಆ ಗುರುಗಳು. ನನ್ನನ್ನ ಬಾಯ್ತುಂಬಾ ತಂಗಮ್ಮ ಅಂತಿದ್ರು, ಒಡಹುಟ್ಟಿದವಳ ಹಾಗೆ ನೋಡ್ಕೊಂಡ್ರು. ವಯಸ್ಸಾಗ್ತಾ ಅವರ ಕೈ ನಡುಗೋಕೆ ಶುರುವಾಯ್ತು, ಬರೆದ ಅಕ್ಷರದ ಕೊಂಬು ಬಾಲ ಎಲ್ಲಾ ನೀರೊಳಗೆ ಕಂಡ ಹಾಗೆ ಅಲ್ಲಾಡ್ತಿತ್ತು. ಆಗ ನಮ್ಮನೆಯವರು ಏನು ಮಾಡಿದ್ರು ಹೇಳಿ ನೋಡೋಣ? ಒಣ ಬ್ರಶ್ ಹಿಡ್ಕೊಂಡು, ಗೋಡೆ ಮುಂದೆ ಕೂತು, ಆ ನಡುಕಾನೂ ಅಭ್ಯಾಸ ಮಾಡಿದ್ರು...

"'ರೀ, ಅದು ಕಾಯಿಲೆ, ವಿದ್ಯೆ ಅಲ್ಲ' ಅಂದೆ. 'ಸುಮ್ನಿರೇ, ಗೆರೆ ನೆಟ್ಟಗೆ ಬಂದ್ರೆ ಅದು ನನ್ನದಾಗುತ್ತೆ, ಅವರದಾಗಲ್ಲ' ಅಂದ್ರು. ನಕ್ಕುಬಿಟ್ಟೆ ನಾನು. ಕಟ್ಕೊಂಡ ಗಂಡ ತನ್ನದು ಅನ್ನೋದೇ ಬೇಡ ಅಂದ್ರೆ... ನಗೋ ವಿಷಯಾನಾ ಅದು?

"ಗುರುಗಳು ತೀರ್ಕೊಂಡ್ರು. ಇವರು ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಮನೆಗೆ ಬಂದ್ರು, ಬಾಗಿಲಲ್ಲಿ ಚಪ್ಪಲಿ ಬಿಟ್ರು, ಬಂದ ನೆಂಟರ ಹಾಗೆ ಕುರ್ಚಿ ತುದೀಲಿ ಕೂತು, 'ತಂಗಮ್ಮ, ಒಂದು ಲೋಟ ನೀರು ಕೊಡ್ತೀರಾ' ಅಂದ್ರು..."

ಹೆಂಗಸರು ಅಜ್ಜಿಯ ಹತ್ತಿರಕ್ಕೆ ಸರಿದು ಕೂತರು.

"ದುಃಖಕ್ಕೆ ಹಾಗಂದ್ರು ಅಂದ್ಕೊಂಡೆ. ತಮಾಷೆ ಸಾಕು ರೀ ಅಂದೆ, ಬೈದೆ, ಭುಜ ಹಿಡಿದು ಅಲ್ಲಾಡಿಸ್ದೆ. ಕೈ ಬಿಡಿಸ್ಕೊಂಡು ದೂರ ನಿಂತ್ರು. ಮಲಗೋ ಹೊತ್ತಿಗೆ ಚಾಪೆ ತಗೊಂಡು ಜಗಲಿಗೆ ಹೊರಟ್ರು. ಯಾಕೆ ಅಂದ್ರೆ, 'ಶಿಷ್ಯ ಇಲ್ಲದಾಗ ಅವನ ಮನೆಯೊಳಗೆ ಮಲಗೋದು ಸರಿಯಲ್ಲ ತಂಗಮ್ಮ' ಅಂತ. ಮೈಮೇಲೆ ಬಂದಿದೆ ಅಂದ್ರು ಜನ. ದೆವ್ವ ಬಿಡಿಸೋರನ್ನ ಕರೆಸ್ದೆ. ಬಂದವರು ಇವರನ್ನೇ ಬಹಳ ಹೊತ್ತು ನೋಡಿ, ನನ್ನ ಹೊರಗೆ ಕರೆದು ಏನಂದ್ರು ಗೊತ್ತಾ? 'ಮೈಯೊಳಗಿರೋರು ನುಗ್ಗಿ ಬಂದವರಲ್ಲಮ್ಮ. ನಿಮ್ಮ ಯಜಮಾನರೇ ಕರೆದು ಕೂರಿಸಿ, ತಾವು ಎದ್ದು ಹೋಗಿದಾರೆ. ಇವರನ್ನೂ ಕಳಿಸಿಬಿಟ್ರೆ ಒಳಗೆ ಯಾರೂ ಇರಲ್ಲ, ಕಳಿಸ್ಲಾ?' ಅಂದ್ರು. ಏನು ಹೇಳ್ಲಿ ನಾನು? ಮುಖ ಅದೇ, ಕೆನ್ನೆ ಮೇಲಿನ ಮಚ್ಚೆ ಅದೇ... ಕಣ್ಮುಂದೆ ಅಷ್ಟಾದ್ರೂ ಇರ್ಲಿ ಅನ್ನಿಸ್ತು. ಬೇಡ ಅಂದೆ."

ಹುಡುಗಿ ಅಜ್ಜಿಯತ್ತ ಬಾಗಿದಳು. "ಆಮೇಲೆ ನಿಮ್ಮ ಯಜಮಾನ್ರು ತಿರುಗಿ ಬಂದ್ರಾ ಅಜ್ಜಿ?"

"ಮಳೆ ಬಂದ್ರೆ ಕೊಡೆ ಹಿಡ್ಕೊಂಡು ಗೇಟಿನ ಹತ್ರ ನಂಗೆ ಕಾಯ್ತಾರಲ್ಲ, ನೀನೂ ನೋಡಿದ್ದೀಯ."

"ಅವರು ನಿಮ್ಮ ಅಣ್ಣ ಅಲ್ವಾ? ನೀವೇ ಅಣ್ಣ ಅಂತ ಕರೀತೀರಲ್ಲ."

"ಬೇರೆ ಏನಂತ ಕೂಗಿದ್ರೂ ತಿರುಗಿ ನೋಡಲ್ಲ ಮಗಾ..." ಅಜ್ಜಿ ಎದ್ದು ಚೀಲ ಹೆಗಲಿಗೇರಿಸಿದಳು. "ಪಾಪ, ಒಳ್ಳೆಯವರು. ಇವತ್ತು ಬೆಳಿಗ್ಗೇನೂ ವಿಚಾರಿಸಿದ್ರು... ತಂಗಮ್ಮ, ನಿಮ್ಮ ಯಜಮಾನ ಇವತ್ತೂ ಕೆಲಸಕ್ಕೆ ಬರ್ಲಿಲ್ವಲ್ಲ, ಹುಷಾರಿಲ್ವಾ ಅಂತ."