ಬೀಗವಿಲ್ಲದ ಬಾಗಿಲು

ಸಿನಿಮಾ ಬಿಟ್ಟಿತ್ತು. ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕದಲ್ಲೇ ಅಕ್ಕ ತಂಗಿ ಇಬ್ಬರು ನಿಂತಿದ್ದರು. ಅಕ್ಕನಿಗೆ ಕೋಪ ಇಳಿದಿರಲಿಲ್ಲ.

"ಮನಸ್ಸಿನ ಮೇಲೆ ಪ್ರಯೋಗ ಅಂತೆ. ಆ ಡಾಕ್ಟರು ಬಾಗಿಲಿಗೆ ಬೀಗಾನೇ ಹಾಕಿರ್ಲಿಲ್ಲ ಕಣೇ. ಬೆಂಕಿ ಬಿದ್ರೂ ಒಳಗಿದ್ದೋರು ಒಬ್ರೂ ಎದ್ದು ಬರ್ಲಿಲ್ವಲ್ಲ. ನಾನಾಗಿದ್ರೆ ಮೊದಲ್ನೇ ದಿನಾನೇ ತಳ್ಕೊಂಡು ಬರ್ತಿದ್ದೆ."

"ಬರ್ತಿದ್ದೆ ಬಿಡು. ಅದಿರ್ಲಿ, ನಿನ್ನ ಹೊಲಿಗೆ ಮೆಷಿನ್ ಯಾಕೆ ಅಟ್ಟಕ್ಕೆ ಹಾಕ್ದೆ?"

"ಅತ್ತೆಗೆ ಅದರ ಸದ್ದು ಆಗಲ್ಲ."

"ಹಾಗಂತ ಅವರು ಅಂದ್ರಾ?"

"ಅನ್ನೋದೇನು ಬಂತು? ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಅವರಿಗೆ ಕಿವೀನೇ ಕೇಳ್ಸಲ್ವಲ್ಲಕ್ಕ."

ಅತ್ತೆ ಇಲ್ಲೇ ಎಲ್ಲೋ ನಿಂತಿದ್ದಾರೇನೋ ಎಂಬಂತೆ ಅಕ್ಕ ಹಿಂದೆ ಮುಂದೆ ನೋಡಿದಳು.

"ಮೆಲ್ಲಗೆ ಮಾತಾಡೇ. ಅವರು ಕೇಳಿಸ್ಕೊಂಡ್ರೆ ನೊಂದ್ಕೋತಾರೆ. ನಡಿ, ಬಸ್ ಬಂತು."