ಕುರ್ಚಿ ಸರಿಸಿ ಹಾಸಿದ ಹಾಸಿಗೆ

ನಗುವವರು ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ಯಾರಾದರೂ ಕಿಸಕ್ಕೆಂದರೆ ನಾನು ಎದ್ದು ಹೋಗುತ್ತೇನೆ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ದೊಡ್ಡಮ್ಮನ ಮಗಳು ನೆರಿಡಾಗೆ ಆದದ್ದು. ಹೋದ ವರ್ಷ ಜುಲೈ, ನಮ್ಮ ಕಡೆ ಆಗ ಚಳಿಗಾಲ, ಕೊರೆಯುವ ಚಳಿ. ಪೋರ್ಟ್ ಅಗಸ್ಟಾ ದಾಟಿ ಉತ್ತರಕ್ಕೆ ಮೂರು ಗಂಟೆ ಹೋದರೆ ಒಣಗಿದ ಹೊಳೆಯ ಪಕ್ಕ, ಗಾಡಿ ನಿಲ್ಲಿಸಿ ಅದರಲ್ಲೇ ರಾತ್ರಿ ಕಳೆಯುವವರ ತಂಗುದಾಣ ಒಂದು ಸಿಗುತ್ತದಲ್ಲ, ಅಲ್ಲಿ.

ರಾತ್ರಿ ಹನ್ನೊಂದೂವರೆ. ನೆರಿಡಾ ಶೌಚಾಲಯಕ್ಕೆ ಹೋಗಿ ಮನೆಗೆ ವಾಪಸ್ ನಡೆದು ಬರುತ್ತಿದ್ದಳು. ಮನೆ ಅಂದರೆ ಅವಳ ಕಾರು. ದಾರಿಯಲ್ಲಿ ಹಳೇ ಬೋರ್‌ವೆಲ್, ಅದರ ಮೇಲೊಂದು ತಗಡಿನ ಗಾಳಿಯಂತ್ರ. ಕಿರ್ರ್... ಟಕ್. ಕಿರ್ರ್... ಟಕ್. ಅದನ್ನು ದಾಟಿದಳು. ಸದ್ದು ನಿಂತಿತು. ಗಾಳಿ ನಿಂತಿರಲಿಲ್ಲ, ಅವಳ ಕೂದಲು ಹಾರುತ್ತಲೇ ಇತ್ತು. ಯಂತ್ರ ಮಾತ್ರ ನಿಂತಿತ್ತು.

ಕಾರಿನ ಕಡೆ ಟಾರ್ಚ್ ಬಿಟ್ಟಳು. ಸಂಜೆ ತನ್ನ ಕೈಯಾರೆ ಎತ್ತಿ, ಇಪ್ಪತ್ತು ಹೆಜ್ಜೆ ಆಚೆ ನೀಲಗಿರಿ ಮರದ ಬುಡಕ್ಕೆ ಇಟ್ಟು ಬಂದಿದ್ದ ಒಂದು ಕುರ್ಚಿ... ಅವಳ ಕಾರಿನ ಹಿಂಬಾಗಿಲ ಹತ್ತಿರ ಇತ್ತು. ಬಾಗಿಲಿಗೆ ಮುಖ ಮಾಡಿಕೊಂಡು.

"ಯಾವನೋ ಕುಡುಕ," ಎಂದು ಗೊಣಗಿ, ಕುರ್ಚಿಯನ್ನು ಮತ್ತೆ ಎತ್ತಿ ಮರದ ಬುಡಕ್ಕೇ ಒಯ್ದಿಟ್ಟು ಬಂದಳು. ಕೈಗೆ ಅದು ಮಂಜುಗಡ್ಡೆಯ ಹಾಗೆ ತಣ್ಣಗಿತ್ತಂತೆ. ಬಂದವಳೇ ಕಾರೊಳಗೆ ಹತ್ತಿ ಚಿಲಕ ಹಾಕಿಕೊಂಡಳು.

ಕುರ್ಚಿಯ ಕತೆ ಆಮೇಲೆ. ಮೊದಲು ಹಾಸಿಗೆಯ ಕತೆ ಕೇಳಿ, ಯಾಕೆಂದರೆ ಜಗಳವಾದದ್ದು ಅದಕ್ಕೇ.

ನೆರಿಡಾಗೆ ಅರವತ್ತೊಂದು. ಕುರಿ ಉಣ್ಣೆ ಕತ್ತರಿಸುವವರ ಶೆಡ್ಡುಗಳಲ್ಲಿ ಅಡುಗೆ ಮಾಡಿಕೊಂಡು ಬಂದವಳು. ಹತ್ತೊಂಬತ್ತು ವರ್ಷ ಬಾಡಿಗೆಗಿದ್ದ ಮನೆಯನ್ನು ಮಾಲೀಕನ ಮಗ ಬಿಡಿಸಿದ. ಅವಳು ಅಳಲಿಲ್ಲ. ಚಿಕ್ಕ ಎಸ್‌ಯುವಿ ಒಂದಿತ್ತಲ್ಲ, ಅದನ್ನು ನೇರ ನನ್ನ ಗ್ಯಾರೇಜಿಗೆ ತಂದು ನಿಲ್ಲಿಸಿ, "ಅಳತೆ ಟೇಪ್ ಕೊಡು" ಅಂದಳು.

ಅಂಥ ಕಾರಿನಲ್ಲಿ ಹಾಸಿಗೆ ಮಾಡುವುದು ಸುಲಭ ಅಂದುಕೊಂಡವರು ಒಮ್ಮೆ ಮಾಡಿ ನೋಡಿ. ಹಿಂದಿನ ಸೀಟು ಮಡಚಿದರೆ ನೆಲ ಸಮ ಆಗುವುದಿಲ್ಲ, ಸೊಂಟದ ಕೆಳಗೇ ಒಂದು ದಿಣ್ಣೆ ಬರುತ್ತದೆ. ಮುಂದಿನ ಸೀಟನ್ನು ಮುಂದಕ್ಕೆ ತಳ್ಳಿದರೆ ಅದರ ಬೆನ್ನಿಗೊಂದು ಹಳ್ಳ. ಪ್ಲೈವುಡ್ ಹಲಗೆ ಕೊಯ್ದು, ಕಾಲು ಕೊಟ್ಟು, ದಿಣ್ಣೆಯನ್ನು ಕೆಳಗೆ ಮುಚ್ಚಿಟ್ಟೆವು. ಹಳ್ಳದ ಮೇಲೆ ಬರುವ ತುಂಡಿಗೆ ಕೀಲು ಜಡಿದೆವು, ಹಗಲು ಮಡಚಿಕೊಳ್ಳಲಿ ಅಂತ. ಹಲಗೆ ಕೆಳಗೆ ಗ್ಯಾಸ್ ಸ್ಟವ್, ಪಾತ್ರೆ ಡಬ್ಬ, ನೀರಿನ ಕ್ಯಾನ್. ಮೇಲೆ ನಾಲ್ಕಿಂಚು ಫೋಮ್, ಬ್ರೆಡ್ ಕೊಯ್ಯುವ ಚಾಕುವಿನಲ್ಲಿ ಕಿಟಕಿ ಕಡೆಯ ಮೂಲೆಗಳನ್ನು ಕೊಯ್ದು ಕೂರಿಸಿದ್ದು. ಎರಡು ಕಿಟಕಿಗೆ ಸೊಳ್ಳೆಪರದೆ ಅಂಟಿಸಿ ಒಂದು ಬೆರಳಷ್ಟು ಗಾಜು ಇಳಿಸಿಡಬೇಕು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ನಮ್ಮ ಉಸಿರೇ ನೀರಾಗಿ ನಮ್ಮ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಹಿಂಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ ಅಂತ ಅದರ ಚಿಲಕಕ್ಕೂ ಒಂದು ದಾರ ಕಟ್ಟಿಕೊಂಡಳು.

"ಶವಪೆಟ್ಟಿಗೆಗೂ ಇದಕ್ಕಿಂತ ಅಗಲ ಕೊಡ್ತಾರೆ ಕಣೇ," ಅಂದೆ ನಾನು.

"ಅದ್ರಲ್ಲಿ ಮಲಗೋರು ಹೊರಳಾಡಲ್ಲ. ನಾನು ಹೊರಳಾಡ್ತೀನಿ. ಬಾಯಿ ಮುಚ್ಕೊಂಡು ಆ ತುದಿ ಹಿಡ್ಕೋ."

ಮೊದಲ ರಾತ್ರಿ ನನ್ನ ಗ್ಯಾರೇಜಿನಲ್ಲೇ ಮಲಗಿ ನೋಡಿದಳು. ಬೆಳಿಗ್ಗೆ ಟೀ ಕುಡಿಯುತ್ತಾ, "ಗಂಡನ ಜೊತೆ ಇಪ್ಪತ್ತು ವರ್ಷ ಮಲಗಿದ ಮಂಚಕ್ಕಿಂತ ವಾಸಿ," ಅಂದಳು. ಅವಳ ಮುಖ ನೋಡಿ ನನಗೆ ಹೊಟ್ಟೆ ತಣ್ಣಗಾಯಿತು.

ಆದರೆ ಮಲಗಲು ಬಿಡಬೇಕಲ್ಲ ಜನ? ಸಮುದ್ರದ ದಂಡೆಯಲ್ಲಿ ಕಾರು ನಿಲ್ಲಿಸಿದರೆ ರಾತ್ರಿ ಎರಡು ಗಂಟೆಗೆ ಗಾಜಿನ ಮೇಲೆ ಟಕ್ ಟಕ್ ಟಕ್... ಊರಿನ ಕೌನ್ಸಿಲ್‌ನವನು, ಮುಖಕ್ಕೇ ಟಾರ್ಚು. ಕ್ಯಾರವಾನ್ ಪಾರ್ಕಿನಲ್ಲಿ, ಡೇರೆ ಇದ್ದರೆ ಬನ್ನಿ, ಕಾರಲ್ಲಿ ಮಲಗುವವರಿಗೆ ಜಾಗವಿಲ್ಲ. ಪಾರ್ಕಿನ ಪಕ್ಕದ ಬೀದಿಯಲ್ಲಿ ನಿಲ್ಲಿಸಿದರೆ ಎದುರು ಮನೆಯವಳು ಪೊಲೀಸರಿಗೆ ಫೋನು. ಎರಡು ತಿಂಗಳಲ್ಲಿ ಐದು ಸಲ ನಡುರಾತ್ರಿ ಎಬ್ಬಿಸಿ ಓಡಿಸಿದ್ದರು. ಗಾಜಿನ ಮೇಲೆ ಎಲೆ ಬಿದ್ದರೂ ಅವಳಿಗೆ ಎಚ್ಚರವಾಗಿಬಿಡುತ್ತಿತ್ತು. ಆ ತಂಗುದಾಣ ತಲುಪುವ ಹಿಂದಿನ ದಿನ ನನಗೆ ಫೋನ್ ಮಾಡಿ ಹೇಳಿದಳು: "ಇನ್ನೊಂದೇ ಒಂದು ಸಲ ಯಾರಾದ್ರೂ ಎಬ್ಬಿಸಿದ್ರೆ ಈ ಹಲಗೆ ಕಿತ್ತು ಬೆಂಕಿಗೆ ಹಾಕಿ ನಿನ್ ಸೋಫಾ ಮೇಲೆ ಬಂದು ಬೀಳ್ತೀನಿ. ಸಾಕಾಯ್ತು."

ಬಾ ಅಂದೆ. ಆದರೆ ಅವಳು ಸೋತು ಬರುವುದನ್ನು ನೋಡಲು ನನಗೆ ಒಂಚೂರೂ ಮನಸ್ಸಿರಲಿಲ್ಲ.

ಈಗ ಕುರ್ಚಿ. ನಮ್ಮ ಕಡೆ ತಂಗುದಾಣಗಳಲ್ಲಿ ಬರೆಯದ ನಿಯಮ ಒಂದಿದೆ. ಸೌದೆಗೋ ಪೇಟೆಗೋ ಕಾರು ತೆಗೆದುಕೊಂಡು ಹೋಗುವವರು ತಮ್ಮ ಜಾಗದಲ್ಲಿ ಒಂದು ಕುರ್ಚಿ ಇಟ್ಟು ಹೋಗುತ್ತಾರೆ. ಕುರ್ಚಿ ಇದ್ದರೆ ಆ ಜಾಗಕ್ಕೆ ಯಾರೂ ಕಾಲಿಡುವುದಿಲ್ಲ. ನೆರಿಡಾ ಅಲ್ಲಿಗೆ ತಲುಪಿದಾಗ ಕತ್ತಲಾಗಿತ್ತು. ಎಲ್ಲ ಕಡೆ ಇಳಿಜಾರು, ಕಲ್ಲು, ಇಲ್ಲವೇ ದೊಡ್ಡ ಕ್ಯಾರವಾನ್‌ಗಳು. ಸಮತಟ್ಟಾದ ಜಾಗ ಒಂದೇ ಒಂದು. ಅಲ್ಲಿ ಬಣ್ಣ ಹೋದ ಕ್ಯಾನ್ವಾಸ್ ಕುರ್ಚಿ.

ಎತ್ತಿದಳು. ಪಕ್ಕದ ಕ್ಯಾರವಾನ್‌ನಿಂದ ಲಿಂಡ್ಸೆ ಅನ್ನುವ ಮುದುಕ ಚಮಚ ಕೈಯಲ್ಲೇ ಹಿಡಿದುಕೊಂಡು ಓಡಿಬಂದ.

"ಅಯ್ಯೋ, ಅದನ್ನ ಮುಟ್ಬೇಡಮ್ಮಾ! ಜಾಗ ಹಿಡಿದಿದಾರೆ."

"ಯಾರು?"

"ಮರ್ವ್ ಅಂತ. ಸ್ಟೇಷನ್ ವ್ಯಾಗನ್ ಕಾರಲ್ಲೇ ಮಲಗ್ತಿದ್ದ. ಎದೆ ನೋವು ಅಂತ ಮಧ್ಯಾಹ್ನ ಕುರ್ಚಿ ಇಟ್ಟು ಪೇಟೆ ಆಸ್ಪತ್ರೆಗೆ ಹೋದ."

"ಇವತ್ತಾ?"

ಲಿಂಡ್ಸೆ ಚಮಚ ನೋಡಿಕೊಂಡ. "ಹದಿನಾಲ್ಕು ವರ್ಷ ಆಯ್ತು. ದಾರೀಲೇ ಹೋಗ್ಬಿಟ್ನಂತೆ. ಆದ್ರೂ ಕುರ್ಚಿ ಇದೆಯಲ್ಲ... ನಾವ್ಯಾರೂ ಮುಟ್ಟಲ್ಲ."

"ಕುರ್ಚಿ ಲೆಕ್ಕಕ್ಕೆ ಬರೋದು ಕತ್ತಲಾಗೋ ತನಕ ಯಜಮಾನ್ರೇ. ರಾತ್ರಿ ಕುರ್ಚಿ ಮಲಗಲ್ಲ, ನಾನು ಮಲಗ್ಬೇಕು." ಹಾಗಂದು ಎತ್ತಿಕೊಂಡು ಹೋಗಿ ಮರದ ಕೆಳಗಿಟ್ಟಳು. ಕಾರು ತಂದು ನಿಲ್ಲಿಸಿದಳು, ಹಾಸಿಗೆ ಬಿಡಿಸಿದಳು, ಬಿಸಿನೀರಿನ ಚೀಲ ಕಾಲ ಬುಡಕ್ಕೆ ಹಾಕಿಕೊಂಡಳು. ಲಿಂಡ್ಸೆ ತನ್ನ ಬಾಗಿಲ ಚಿಲಕ ಎರಡು ಸಲ ಹಾಕಿದ್ದು ಅವಳಿಗೆ ಕೇಳಿಸಿತು.

ಹನ್ನೊಂದೂವರೆಗೆ ನಡೆದದ್ದನ್ನು ಆಗಲೇ ಹೇಳಿದೆ. ಈಗ ಅದರ ಮುಂದಿನದು.

ಒಂದು ಗಂಟೆಯ ಹೊತ್ತಿಗೆ ಎಂಜಿನ್ ಸದ್ದು. ಹಳೇ ಗಾಡಿ, ಬೆಲ್ಟು ಕೀಚ್ ಅನ್ನುವ ಗಾಡಿ. ಹೆದ್ದಾರಿಯಿಂದ ತಿರುಗಿತು. ಜಲ್ಲಿಯ ಮೇಲೆ ಚಕ್ರ... ಗರಗರಗರ. ಹತ್ತಿರ ಬಂತು. ನೆರಿಡಾ ಕಿಟಕಿಯ ಮರೆ ಸರಿಸಿ ನೋಡಿದಳು. ದೀಪವಿಲ್ಲ. ಗಾಡಿಯೂ ಇಲ್ಲ. ಬರಿದಾದ ದಾರಿ, ಬೆಳದಿಂಗಳು. ಸದ್ದು ಮಾತ್ರ ಅವಳ ಕಾರಿನ ಪಕ್ಕಕ್ಕೇ ಬಂದು ನಿಂತಿತು. ಹ್ಯಾಂಡ್‌ಬ್ರೇಕ್... ಕ್ರರ್ರ್ಕ್. ಬಾಗಿಲು... ಧಡ್.

ಆಮೇಲೆ ಹವಾಯಿ ಚಪ್ಪಲಿ. ಚಟಕ್... ಚಟಕ್... ಚಟಕ್...

ಹಿಂಬಾಗಿಲ ಹತ್ತಿರ ನಿಂತಿತು.

ಟಕ್. ಟಕ್. ಟಕ್.

ಸುಳ್ಳು ಹೇಳುವುದಿಲ್ಲ, ನೆರಿಡಾ ಧೈರ್ಯವಂತೆಯೇ, ಆದರೂ ಹೆದರಿದಳು. ತಲೆಯ ಹತ್ತಿರದ ಕಿಟಕಿ ಒಂದು ಬೆರಳು ತೆರೆದಿತ್ತಲ್ಲ... ದನಿ ಅಲ್ಲಿಂದ ಬಂತು. ಪಿಸುದನಿ. ಹಿಂದೆ ತಟ್ಟಿದವನು ಮುಂದೆ ಹೇಗೆ ಬಂದ ಅಂತ ಕೇಳಬೇಡಿ.

"ಇದು ನನ್ ಜಾಗ."

ನೆರಿಡಾ ರಜಾಯಿಯನ್ನು ಗಲ್ಲದವರೆಗೆ ಎಳೆದುಕೊಂಡಳು.

"ಕುರ್ಚಿ ಇಟ್ಟು ಹೋಗಿದ್ದೆ."

"ಯಾವಾಗ?"

ಚಪ್ಪಲಿ ಒಮ್ಮೆ ನೆಲ ಕೆರೆಯಿತು. ಆಮೇಲೆ... "ಮಧ್ಯಾಹ್ನ."

ಅವಳಿಗೆ ಅಯ್ಯೋ ಅನ್ನಿಸಿತಂತೆ. ಆದರೆ ಅಷ್ಟರಲ್ಲಿ ಕಾರು ಹಿಂದಕ್ಕೆ ಕುಸಿಯಿತು. ಸ್ಪ್ರಿಂಗ್ ಗುಂಯ್ ಅಂತು. ಯಾರೋ ಬಂಪರಿನ ಮೇಲೆ ಕೂತ ಹಾಗೆ. ಕಾಲ ಬುಡದಲ್ಲಿದ್ದ ಬಿಸಿನೀರಿನ ಚೀಲ ಒಂದೇ ಕ್ಷಣಕ್ಕೆ ಆರಿ ತಣ್ಣಗಾಯಿತು. ಮುಚ್ಚಿದ ಬಾಗಿಲಿನ ಕಡೆಗೆ ಅವಳ ರಜಾಯಿ... ಮೆಲ್ಲಗೆ... ಸರಿಯತೊಡಗಿತು. ಮೊಣಕಾಲು ದಾಟಿತು. ಪಾದ ಬರಿದಾಯಿತು.

"ಎದ್ದು ಹೋಗಮ್ಮ," ಅಂತು ದನಿ.

ಆ ಮಾತು ಹೇಳಬಾರದಿತ್ತು ನೋಡಿ ಅವನು. ಬೇರೆ ಏನು ಹೇಳಿದ್ದರೂ ನಡೆಯುತ್ತಿತ್ತು. ನೆರಿಡಾ ಎದ್ದು ಕೂತಳು, ತಲೆ ಚಾವಣಿಗೆ ಧಡ್ ಅಂತ ಬಡಿಯಿತು, ಎರಡೂ ಕೈಯಲ್ಲಿ ರಜಾಯಿ ಹಿಡಿದು ಎಳೆದಳು.

"ಬಿಡೋ! ನಂದಿದು! ಏಳಲ್ಲ ನಾನು. ಏನ್ ಮಾಡ್ಕೋತೀಯೋ ಮಾಡ್ಕೋ. ಬದುಕಿರೋರು ಐದು ಸಲ ಎಬ್ಬಿಸಿದ್ರು, ಎದ್ದು ಹೋದೆ. ಅವ್ರ ಹತ್ರ ಯೂನಿಫಾರ್ಮ್ ಇತ್ತು, ಟಾರ್ಚ್ ಇತ್ತು, ಚೀಟಿ ಪುಸ್ತಕ ಇತ್ತು. ನಿನ್ ಹತ್ರ ಏನಿದೆ? ಹವಾಯಿ ಚಪ್ಪಲಿ!"

ರಜಾಯಿ ನಿಂತಿತು.

"ಎಲ್ಲಿ ಮಲಗ್ಲಿ ಅಂತ ಕೇಳು, ಪಕ್ಕದಲ್ಲಿ ಬೇಕಾದಷ್ಟು ನೆಲ ಇದೆ, ತೋರಿಸ್ತೀನಿ. ಚಹಾ ಬೇಕಾ, ಬೆಳಿಗ್ಗೆ ಕೊಡ್ತೀನಿ. ಎದ್ದು ಹೋಗು ಅಂತ ಮಾತ್ರ ನಂಗೆ ಇನ್ನು ಯಾರೂ ಹೇಳೋ ಹಾಗಿಲ್ಲ. ಸತ್ತೋರೂ ಅಷ್ಟೇ!"

ಆಚೆ ಲಿಂಡ್ಸೆಯ ಕ್ಯಾರವಾನ್‌ನಲ್ಲಿ ದೀಪ ಹತ್ತಿ ಆರಿತು. ಹೊರಬರಲಿಲ್ಲ ಅವನು. ಗಂಡಸು.

ಆಮೇಲೆ ಹಲಗೆಯ ಕೆಳಗೆ... ಟೊಕ್ ಟೊಕ್. ಗೆಣ್ಣಿನಿಂದ ಮರ ತಟ್ಟಿ ನೋಡುತ್ತಾರಲ್ಲ, ಹಾಗೆ.

"ನೀನೇ ಮಾಡಿದ್ದಾ?"

"ಹೂಂ."

"ಎಷ್ಟು ದಪ್ಪ?"

"ಹನ್ನೆರಡು ಎಂಎಂ."

"...ಹದಿನೈದು ಹಾಕ್ಬೇಕಿತ್ತು. ಬಗ್ಗತ್ತೆ."

ನೀವು ಇಂಥವರ ನಡುವೆ ಇದ್ದಿದ್ದರೆ ಇದರಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲ. ಕಾರಲ್ಲಿ ಮಲಗುವವರು ಇನ್ನೊಬ್ಬರ ಹಾಸಿಗೆಯಲ್ಲಿ ತಪ್ಪು ಹುಡುಕದೆ ಮುಂದೆ ಹೋದದ್ದನ್ನು ನಾನು ಈವರೆಗೆ ಕಂಡಿಲ್ಲ. ನೆರಿಡಾಗೆ ಅದು ಕೇಳಿ ಹೆದರಿಕೆಯೆಲ್ಲ ಇಳಿದು ಮೈಯೆಲ್ಲ ಉರಿಯಿತಂತೆ.

"ಕಾರು ನಂದು. ಹಲಗೆ ನಂದು. ಬಗ್ಗಿದ್ರೆ ಬಗ್ಗೋದು ನನ್ ಸೊಂಟ. ನೀನು ಹೋಗಿ ಬಿದ್ಕೋ."

ಸ್ಪ್ರಿಂಗ್ ಮತ್ತೆ ಗುಂಯ್ ಅಂದು ಕಾರು ಮೇಲೆದ್ದಿತು. ಚಟಕ್... ಚಟಕ್... ಚಟಕ್... ಮರದ ಕಡೆಗೆ. ಅಲ್ಲಿ ಕ್ಯಾನ್ವಾಸ್ ಕಿರ್ರ್ ಅಂದದ್ದು ಕೇಳಿಸಿತು, ಭಾರವಾದವರು ಕುರ್ಚಿಗೆ ಒರಗಿದ ಹಾಗೆ. ಒಂದು ನಿಟ್ಟುಸಿರು. ದೂರದಲ್ಲಿ ಗಾಳಿಯಂತ್ರ ತಿರುಗತೊಡಗಿತು.

ನೆರಿಡಾ ರಜಾಯಿಯನ್ನು ಕಾಲಿಗೆ ಸುತ್ತಿಕೊಂಡು ಮಲಗಿದಳು. ಮಲಗಿಬಿಟ್ಟಳು! ಎರಡು ತಿಂಗಳಲ್ಲಿ ಮೊದಲ ಸಲ ಬಿಸಿಲು ಮುಖಕ್ಕೆ ಬೀಳುವ ತನಕ ನಿದ್ದೆ.

ಎಬ್ಬಿಸಿದ್ದು ಯಾರ ತಟ್ಟುವಿಕೆಯೂ ಅಲ್ಲ. ಹೊರಗೆ ಲಿಂಡ್ಸೆ ದೇವರ ಹೆಸರು ಹೇಳುತ್ತಾ ನಿಂತಿದ್ದ. ದಾರ ಎಳೆದು ಹಿಂಬಾಗಿಲು ತೆರೆದಳು.

ಮರದ ಕೆಳಗೆ ಮರ್ವ್‌ನ ಕುರ್ಚಿ ಇಟ್ಟಲ್ಲೇ ಇತ್ತು. ಅವಳ ಕಾರಿನ ಹಿಂದೆ, ಹಾಸಿಗೆಯಿಂದ ಕಾಲಿಳಿಸಿದರೆ ಸಿಗುವಷ್ಟು ಹತ್ತಿರದಲ್ಲಿ... ಇನ್ನೊಂದು ಕುರ್ಚಿ.

ಅಂಥ ಕುರ್ಚಿ ಅವಳ ಹತ್ತಿರ ಇರಲಿಲ್ಲ. ಲಿಂಡ್ಸೆಯದೂ ಅಲ್ಲ, ಅಲ್ಲಿದ್ದ ಯಾರದೂ ಅಲ್ಲ. ಎಲ್ಲರನ್ನೂ ಕೇಳಿದರು. ಹೊಸದೂ ಅಲ್ಲ ಅದು. ಕೈ ಇಡುವಲ್ಲಿ ಬಣ್ಣ ಸವೆದಿತ್ತು, ಜೇಡ ಬಲೆ ಕಟ್ಟಿ ಬಿಟ್ಟುಹೋಗಿತ್ತು. ನಾಲ್ಕೂ ಕಾಲುಗಳ ಸುತ್ತ ಹುಲ್ಲು ಬೆಳೆದು, ಒಣಗಿ, ಮತ್ತೆ ಬೆಳೆದಿತ್ತು. ಹಿಂದಿನ ಸಂಜೆ ಅದೇ ಜಾಗದಲ್ಲಿ ಅವಳು ಸ್ಟವ್ ಇಟ್ಟು ಸಾರು ಬಿಸಿ ಮಾಡಿಕೊಂಡಿದ್ದಳು.

ಆ ಚಳಿಗಾಲವೆಲ್ಲ ಅವಳು ಅಲ್ಲೇ ಇದ್ದಳು. ಯಾರೂ ಏಳು ಅನ್ನಲಿಲ್ಲ. ನಾನು ಆಗಸ್ಟಿನಲ್ಲಿ ನೋಡಲು ಹೋದೆ. ಆ ಕುರ್ಚಿಯ ಕಾಲು ಅಲುಗಾಡಿಸಿ ನೋಡಿದೆ, ಹುಲ್ಲಿನ ಬೇರು ಬಿಡಲಿಲ್ಲ. ಕೂತೂ ನೋಡಿದೆ. ಕ್ಯಾನ್ವಾಸ್ ವರ್ಷಗಟ್ಟಲೆ ಯಾರೋ ಕೂತು ಕೂತು ತಗ್ಗು ಬಿದ್ದಿತ್ತು, ನನಗೆ ಎಲ್ಲೆಲ್ಲೋ ಒತ್ತುತ್ತಿತ್ತು.

"ಏಳೇ, ಅದು ನಂದು," ಅಂದಳು ನೆರಿಡಾ. ಎದ್ದೆ. ಅವಳು ಕೂತಳು. ಬೇಕಾದರೆ ನಂಬಿ, ಬೇಡದಿದ್ದರೆ ಬಿಡಿ, ನಾನು ಕಣ್ಣಾರೆ ನೋಡಿದ್ದು ಇದು: ಅವಳ ಎಡ ಸೊಂಟ ಬಲಕ್ಕಿಂತ ಸ್ವಲ್ಪ ಕೆಳಗೆ, ಹುಟ್ಟಿದಾಗಿನಿಂದ. ಕುರ್ಚಿಯ ತಗ್ಗೂ ಎಡಕ್ಕೇ ಇತ್ತು.